ಹಿತ್ತಾಳೆ ಗುಂಡಿ

"ಗಾಡಿ ಹೊರಗ ಬಂದು ನಿಂತೈತಿ. ಸಿಗ್ನಲ್ ಹೇಳ," ಎಂದರು ಹನುಮಂತರಾಯರು.

ಊಟದ ಮೇಜಿನ ತುಂಬ ಹರ್ಷದಾ ಬರೆದ ರೈಲು ನಿಲ್ದಾಣದ ಸಿಗ್ನಲ್ ನಕ್ಷೆ ಹರಡಿತ್ತು. ಪರೀಕ್ಷೆಯಲ್ಲಿ ಬರೀ ಹಳಿಗಳನ್ನು ಗೀರಿದ ಹಾಳೆ ಕೊಡುತ್ತಾರೆ. ತೊಂಬತ್ತು ನಿಮಿಷದಲ್ಲಿ ಅದರ ಮೇಲೆ ಎಲ್ಲ ಸಿಗ್ನಲ್ಲುಗಳನ್ನೂ ಕೂಡಿಸಬೇಕು. ಬರುವ ಶನಿವಾರ ಮೂರನೆಯ ಸಲ. ಅದಕ್ಕಿಂತ ಹೆಚ್ಚು ಸಲ ಆಫೀಸು ಯಾರನ್ನೂ ಕಳಿಸುವುದಿಲ್ಲ. ಪಾಸಾದರೆ ತನ್ನ ನಕ್ಷೆಗೆ ತಾನೇ ಸಹಿ ಹಾಕಬಹುದು. ಇಲ್ಲದಿದ್ದರೆ ಅವಳ ಗೆರೆಗಳ ಕೆಳಗೆ ಇನ್ನೆಷ್ಟು ವರ್ಷವೋ ಆಫೀಸಿನಲ್ಲಿ ಪಾಸಾಗಿ ಕೂತ ಕೌಶಲನ ಸಹಿ.

ರಾಯರು ಸಿಗ್ನಲ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು, ತೀರಿಕೊಂಡ ಅವಳ ಅಪ್ಪನ ಜೊತೆಗಾರರು. ಭಾನುವಾರ ತಾರ್ನಾಕದ ಬಾಡಿಗೆ ಕೋಣೆಯಿಂದ ಕಾಚಿಗೂಡದ ಈ ಮನೆಗೆ ಬಂದಾಗ ಮಾತ್ರ ಅವಳ ಬಾಯಿಗೆ ಕನ್ನಡ ಬರುತ್ತಿತ್ತು. ಉಳಿದ ಆರು ದಿನ ಆಫೀಸಿನಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ, ಕೋಣೆಯಲ್ಲಿ ಏನೂ ಇಲ್ಲ.

ನಕ್ಷೆ ತಿದ್ದುವುದರಲ್ಲಿ ರಾಯರದು ಬೇರೆಯದೇ ಪದ್ಧತಿ. ಹಳೆಯ ಯೂನಿಫಾರ್ಮ್ ಕೋಟಿನ ಹಿತ್ತಾಳೆ ಗುಂಡಿಯೊಂದನ್ನು ಗೆರೆಯ ಮೇಲಿಡುವರು. ಗುಂಡಿಯೇ ಗಾಡಿ, ಅವರೇ ಡ್ರೈವರು. ಸಿಗ್ನಲ್ ಇಲ್ಲದ ಕಡೆ ಒಂದು ಕೂದಲೆಳೆಯಷ್ಟೂ ಕದಲುವವರಲ್ಲ.

"ಮನ್ಯಾಗ ಸುಟ್ಟ ಬಲ್ಬ್ ಬದಲಿ ಮಾಡಾಕ ಆಗಂಗಿಲ್ಲ, ಸ್ಟೇಷನ್ ತುಂಬ ದೀಪ ಹಚ್ಚಾಕತ್ತಾರ," ಎಂದು ರಾಯರ ಹೆಂಡತಿ ಸುಭದ್ರಾ ಕಾಕು ಚಹಾ ತಂದಿಟ್ಟರು.

"ಬಲ್ಬಿಗೆ ಪರೀಕ್ಷಾ ಇಲ್ಲಲ್ಲ," ಎಂದರು ರಾಯರು. "ಹೇಳವಾ ನೀ."

"ಹದಿನಾಲ್ಕನೇ ಸಿಗ್ನಲ್ ಕಾಕಾ. ಎರಡನೇ ಪ್ಲಾಟ್‌ಫಾರ್ಮಿಗೆ."

ರಾಯರು ಗುಂಡಿಯನ್ನು ದೂಡಿದರು. ಅದು ಗೆರೆ ಬಿಟ್ಟು ಬಿಳಿ ಹಾಳೆಯ ಮೇಲೆ ಓರೆಯಾಗಿ ಸಾಗಿ, ಮೂಲೆಯಲ್ಲಿ ಅವಳು ತನ್ನ ಹೆಸರು ಬರೆದ ಚೌಕದೊಳಗೆ ಹೋಗಿ ನಿಂತಿತು.

"ಬಂತು," ಎಂದರು ಸಮಾಧಾನದಿಂದ.

ಸಿಗ್ನಲ್ ನಂಬರುಗಳನ್ನು ಮೊದಲೆಲ್ಲ ಅವರೇ ಓದುತ್ತಿದ್ದರು. ಎರಡು ವಾರದಿಂದ "ನೀನ ಹೇಳ" ಎನ್ನುತ್ತಿದ್ದುದು ಹೊಸ ಬಗೆಯ ತಾಲೀಮು ಎಂದು ಅವಳು ತಿಳಿದಿದ್ದಳು. ಅವಳು ಕಾಕುವಿನ ಮುಖ ನೋಡಿದಳು. ಕಾಕು ಕಪ್ಪನ್ನು ಗಂಡನ ಕೈಗೆ ತಾಗುವಷ್ಟು ಹತ್ತಿರ ಸರಿಸಿ ಒಳಗೆ ಹೋದರು.

ಗುಂಡಿ ಗೆರೆ ತಪ್ಪಿದೆ ಎಂದು ಹೇಳಿಬಿಡಬಹುದಿತ್ತು. ಹೇಳಿದರೆ ಹಾಳೆ ಸುತ್ತಿಕೊಂಡು ಬಸ್ಸು ಹತ್ತಬೇಕು. ಆಮೇಲೆ ಯಾರಿಗೆ ತೋರಿಸುವುದು? ಹರ್ಷದಾ ಹಾಳೆಯ ಎರಡೂ ಅಂಚು ಹಿಡಿದು, ಎರಡನೇ ಪ್ಲಾಟ್‌ಫಾರ್ಮಿನ ಗೆರೆ ಗುಂಡಿಯ ಕೆಳಗೆ ಬರುವ ತನಕ ಮೆಲ್ಲಗೆ ಎಳೆದಳು.

"ಏನದು?"

"ಫ್ಯಾನಿಗೆ ಹಾಳಿ ಹಾರಾಕತ್ತಿತ್ತು ಕಾಕಾ."

"ಹೂಂ. ಮಂದಿ ಇಳದ್ರು. ಈಗ ಎಂಜಿನ್ ಬಿಚ್ಚೀನಿ. ಹಳಿ ಮುಗಿಯೋ ತನಕ ಮುಂದ ಹೋಗಿ ನಿಂತೆ. ಇನ್ನ ಬಾಜೂ ಲೈನ್ ಹಿಡದು ಹಿಂದಕ್ಕ ಬರಬೇಕು, ಗಾಡಿ ಆ ಕಡೆ ತುದೀಗೆ ಕೂಡಬೇಕು. ಸಿಗ್ನಲ್ ಹೇಳ."

ಹೇಳಲು ಬಾಯಿ ತೆರೆದಳು. ಹಳಿ ಮುಗಿಯುವಲ್ಲಿ ಏನೂ ಇರಲಿಲ್ಲ. ಹೋದ ವರ್ಷವೂ ಇದೇ ತಪ್ಪು. ಪರೀಕ್ಷೆ ಮುಗಿಸಿ ಮೆಟ್ರೋದಲ್ಲಿ ನಿಂತಿದ್ದಾಗ ಹೊಳೆದಿತ್ತು. ಜನ ತುಂಬಿದ ಗಾಡಿಗಳಿಗೆಲ್ಲ ಸಿಗ್ನಲ್ ಕೊಟ್ಟು, ಬಿಚ್ಚಿಬಿಟ್ಟ ಎಂಜಿನ್ನನ್ನು ಮರೆತಿದ್ದಳು.

"ನಾ ಕಾಯಾಕತ್ತೀನಿ." ರಾಯರ ಹೆಬ್ಬೆರಳು ಗುಂಡಿಯ ಮೇಲೆ ಅಲುಗಾಡದೆ ನಿಂತಿತ್ತು. ಕಣ್ಣು ಗೋಡೆಯ ಕಡೆಗಿತ್ತು. "ಒಂದ ಎಂಜಿನ್ ಅಂತ ಅದು ಅಲ್ಲೇ ಕೊಳೀಬೇಕೇನು?"

ಅವಳು ಗೆರೆಯ ಪಕ್ಕ, ನೆಲಕ್ಕೆ ಹತ್ತಿದಂತಿರುವ ಪುಟ್ಟ ಸಿಗ್ನಲ್ಲೊಂದನ್ನು ಬರೆದಳು.

"ಒಂಟಿ ಎಂಜಿನ್ನಿಗೆ ಶಂಟ್ ಸಿಗ್ನಲ್, ನಲವತ್ತೊಂದು. ಸಿಗ್ನಲ್ ಬಿತ್ರಿ, ಹೊರಡ್ರಿ ಕಾಕಾ."

ಗುಂಡಿ ಹೊರಟಿತು. ಅವಳು ಹಾಳೆಯನ್ನು ಅದರ ಹಿಂದೆ ಹಿಂದೆಯೇ ಸರಿಸಿದಳು.

ಹೊರಡುವಾಗ ರಾಯರು ಬಾಗಿಲ ತನಕ ಗೋಡೆ ಹಿಡಿದು ಬಂದು, ಗುಂಡಿಯನ್ನು ಅವಳ ಅಂಗೈಯಲ್ಲಿ ಒತ್ತಿದರು. "ಪರೀಕ್ಷಾದಾಗ ಹಾಳಿ ಎಳೀಬ್ಯಾಡ ಮತ್ತ. ಗುಂಡೀನ ಸರಸು," ಎಂದು ನಕ್ಕರು.

ಶನಿವಾರ ಕೊನೆಯ ಸಿಗ್ನಲ್ ಬರೆದು ಮುಗಿಸಿದಾಗ ಹದಿಮೂರು ನಿಮಿಷ ಉಳಿದಿತ್ತು. ಹರ್ಷದಾ ಗುಂಡಿಯನ್ನು ಹಾಳೆಯ ಮೇಲಿಟ್ಟಳು. ಗಾಡಿ ಒಳಗೆ ಬಂತು, ಮಂದಿ ಇಳಿದರು, ಎಂಜಿನ್ ಬಿಚ್ಚಿಕೊಂಡು ಹಳಿ ಮುಗಿಯುವ ತನಕ ಹೋಗಿ ನಿಂತಿತು. ಸುತ್ತಲೂ ಪೆನ್ಸಿಲುಗಳ ಸದ್ದು. ಯಾರೂ ಏನೂ ಕೇಳಲಿಲ್ಲ.

"ಸಿಗ್ನಲ್ ಹೇಳ," ಎಂದಳು.

ಪಕ್ಕದ ಮೇಜಿನವನು ತಿರುಗಿ ನೋಡಿದ. ಹಳಿ ಮುಗಿಯುವಲ್ಲಿ ಈ ಸಲವೂ ಹಾಳೆ ಖಾಲಿಯಿತ್ತು. ಅವಳು ಎಡಗೈ ಹೆಬ್ಬೆರಳನ್ನು ಗುಂಡಿಯ ಮೇಲಿಂದ ತೆಗೆಯದೆ, ಬಲಗೈಯಿಂದ ಪೆನ್ಸಿಲ್ಲಿಗಾಗಿ ತಡಕಾಡಿದಳು.