ಹಿಂದಿನ ಗಾಜು

ನಮ್ಮ ಮಾವನವರು ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೂ ಪಾಠ ನಿಂತಿಲ್ಲ. ಶಿಷ್ಯರು ಮಾತ್ರ ಕಡಿಮೆಯಾಗಿ ಅತ್ತೆಯೊಬ್ಬರೇ ಉಳಿದಿದ್ದಾರೆ. ಅತ್ತೆ ಕಿಟಕಿಗಳಿಗೆ ಪರದೆ ಹೊಲಿದು, ಮನೆಮನೆಗೆ ಹೋಗಿ ಹಾಕಿಕೊಟ್ಟು ಬರುವವರು. ಅದಕ್ಕೆಂದೇ ಅವರಿಗೊಂದು ಮುದಿ ವ್ಯಾನಿದೆ. ಅದರ ಮೈಮೇಲೆ ತಗ್ಗು ಬೀಳದ ಜಾಗವಿಲ್ಲ.

"ಇನ್ನೊಂದು ಸಲ ಏನಾದ್ರೂ ಒಡ್ಕೊಂಡು ಬಂದ್ರೆ ಇದು ಸೀದಾ ಗುಜರಿಗೆ. ಆಮೇಲೆ ನೀನು ಎಲ್ಲಿಗೆ ಹೋಗ್ಬೇಕಾದ್ರೂ ನಾನೇ ಕರ್ಕೊಂಡು ಹೋಗ್ತೀನಿ," ಎಂದು ಮಾವ ಆಣೆ ಇಟ್ಟಿದ್ದರು. ಅತ್ತೆಗೆ ಗುಜರಿಯ ಭಯವಿರಲಿಲ್ಲ, ಆಮೇಲಿನ ಮಾತಿನ ಭಯ.

ಹಾಗಿರುವಾಗ ಒಂದು ಏರಿನಲ್ಲಿ ಅತ್ತೆ ವ್ಯಾನನ್ನು ರಪ್ಪನೆ ಮುಂದಕ್ಕೆ ಬಿಟ್ಟರು. ಕಟ್ಟದೆ ಇಟ್ಟಿದ್ದ ಪರದೆಯ ಕಂಬಿಗಳು ಜಾರಿ ಹಿಂಬದಿಯ ಗಾಜಿಗೆ ಗುದ್ದಿದವು. ಗಾಜು ಕಲ್ಲುಸಕ್ಕರೆಯಾಗಿ ಅರ್ಧ ರಸ್ತೆಗೆ, ಅರ್ಧ ಒಳಗೆ ಸುರಿಯಿತು. ಪಕ್ಕದಲ್ಲಿದ್ದ ನನಗೆ ಜೀವ ಬಾಯಿಗೆ ಬಂತು. ಅತ್ತೆ ಮಾತ್ರ, "ನಿಮ್ಮಾವನಿಗೆ ಹೇಳಿದ್ರೆ ನೋಡು," ಎಂದು ವ್ಯಾನನ್ನು ಗಾಜಿನ ಮೇಸ್ತ್ರಿಯ ಅಂಗಡಿಗೆ ತಿರುಗಿಸಿದರು.

ಹಳೆಯ ಗಾಡಿಗೆ ಗಾಜನ್ನು ಅಂಟು ಹಾಕಿ ಕೂರಿಸುವುದಿಲ್ಲ. ಗಾಜಿನ ಸುತ್ತ ದಪ್ಪ ರಬ್ಬರು, ರಬ್ಬರಿನ ಸೀಳಿನೊಳಗೆ ದಾರ, ಮೇಲೆ ಸೋಪಿನ ನೀರು. ಮೇಸ್ತ್ರಿ ಒಳಗೆ ಕೂತು ದಾರ ಎಳೆಯುತ್ತಾ ಹೋದಂತೆ ಹೊರಗಿನವರು ಅಂಗೈಯಲ್ಲಿ ಗಾಜನ್ನು ಅದುಮುತ್ತಾ ಬರಬೇಕು. ಹೊರಗಿನವಳು ನಾನು. ಅರ್ಧ ಕೂತಿತ್ತು, ಅಷ್ಟರಲ್ಲಿ ಎದುರಿನ ಕ್ಷೌರದಂಗಡಿಯಿಂದ ಗ್ರಹಚಾರದಂತೆ ಮಾವ ಇಳಿದು ಬಂದರು.

"ಏನಿದು?"

"ರಬ್ಬರು ಹಳೇದಾಗಿತ್ತು ಕಣ್ರೀ. ಬದಲಾಯಿಸ್ತಿದೀವಿ," ಎಂದರು ಅತ್ತೆ. ಸುಳ್ಳೇನೂ ಅಲ್ಲ, ಸತ್ಯದಲ್ಲಿ ಸ್ವಲ್ಪ ಉಳಿಸಿಕೊಂಡಿದ್ದರು ಅಷ್ಟೆ.

ಬೇರೆಯವರ ಕೆಲಸವನ್ನು ಸುಮ್ಮನೆ ನಿಂತು ನೋಡುವುದು ಮಾವನ ಹಣೆಯಲ್ಲಿ ಬರೆದಿಲ್ಲ. "ಹಾಗಲ್ಲಮ್ಮ ಅದುಮೋದು, ಸರಿ ಆ ಕಡೆ," ಎಂದು ನನ್ನನ್ನು ಸರಿಸಿ ಅಂಗಿಯ ತೋಳು ಮಡಚಿದರು. ಮೂಲೆಯಿಂದ ಮೂಲೆಗೆ ಅದುಮಿದರು. ಗಾಜು ಟಪ್ಪೆಂದು ಕೂತಿತು. ಮಾವನ ಮುಖದಲ್ಲಿ ರಾಜ್ಯ ಗೆದ್ದ ಕಳೆ.

"ಹಿಂದಿನ ಗಾಜು ಹೇಗಿದೆಯಪ್ಪಾ, ನಾಲ್ಕು ಕಾಲ ಬಾಳುತ್ತಾ?" ಎಂದು ಮೇಸ್ತ್ರಿಯನ್ನು ಕೇಳಿದರು.

"ಹಿಂದಿನ ಗಾಜಾ? ಅದೆಲ್ಲಿ ಬಾಳುತ್ತೆ ಸಾರ್, ಪುಡಿಪುಡಿ ಆಗಿತ್ತಲ್ಲ. ಬಕೆಟ್ಟಲ್ಲಿದೆ ನೋಡಿ."

ಮಾವ ಕೇಳಿದ್ದು ಹಿಂಬದಿಯ ಗಾಜನ್ನು, ಮೇಸ್ತ್ರಿ ಹೇಳಿದ್ದು ಮೊದಲಿದ್ದ ಗಾಜಿನ ಗತಿಯನ್ನು. ಎರಡಕ್ಕೂ 'ಹಿಂದಿನ' ಎಂದೇ ಹೆಸರಿಟ್ಟ ಪುಣ್ಯಾತ್ಮ ಯಾರೋ ಕಾಣೆ.

ಮಾವ ಬಕೆಟ್ಟು ನೋಡಿದರು, ಅತ್ತೆಯನ್ನು ನೋಡಿದರು. "ಗುಜರಿಗೆ," ಎಂದರು.

"ಕೊಡಿ," ಎಂದರು ಅತ್ತೆ. "ಇಷ್ಟು ಚೆನ್ನಾಗಿ ಕೂರ್ಸಿರೋ ಗಾಜನ್ನ ಗುಜರಿಯವ್ನು ಸುತ್ತಿಗೇಲಿ ಒಡೀತಾನಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತೆ."

ಮಾವ ಗಾಜಿನ ಅಂಚನ್ನು ಬೆರಳಲ್ಲಿ ಸವರಿದರು. ಕೊಡಲು ಮನಸ್ಸು ಬರಲಿಲ್ಲ, ಸೋತು ಅಭ್ಯಾಸವೂ ಇಲ್ಲ. "ಇರ್ಲಿ. ಆದ್ರೆ ಇನ್ಮೇಲೆ ನಾನೂ ಬರ್ತೀನಿ. ಹಿಂದೆ ಕೂತು ಗಾಜು ನೋಡ್ಕೋತೀನಿ."

ಅತ್ತೆಯ ಮುಖ ಇಂಗು ತಿಂದ ಮಂಗನಂತಾಯಿತು. ವ್ಯಾನು ಉಳಿದೂ ಸ್ವಾತಂತ್ರ್ಯ ಹೋಗಿತ್ತು. ನನಗೆ ನಿಜಕ್ಕೂ ಪಾಪ ಎನಿಸಿತು.

ಮರುದಿನ ಮನೆ ಬಿಟ್ಟಾಗಿನಿಂದ ಹಿಂದಿನ ಸೀಟಿನಲ್ಲಿ ಪಾಠ ಶುರುವಾಯಿತು. ಕ್ಲಚ್ಚು ತಪ್ಪು, ಗೇರು ತಪ್ಪು, ಹಾರನ್ನು ಹೊಡೆದರೂ ತಪ್ಪು, ಹೊಡೆಯದಿದ್ದರೂ ತಪ್ಪು. ಬೀದಿಯ ತಿರುವಿನಲ್ಲಿ ಅತ್ತೆ ವ್ಯಾನು ನಿಲ್ಲಿಸಿದರು.

"ರೀ, ಗಾಜು ಅಲ್ಲಾಡಿದ ಹಾಗೆ ಸದ್ದಾಯ್ತು. ಹೊರಗಿಂದ ಸ್ವಲ್ಪ ನೋಡಿ."

ಮಾವ ಇಳಿದರು. ಗಾಜನ್ನು ತಟ್ಟಿ ನೋಡಿ, ನಾಲ್ಕು ಹೆಜ್ಜೆ ದೂರ ನಿಂತು, ಸೊಂಟದ ಮೇಲೆ ಕೈಯಿಟ್ಟು ತಮ್ಮ ಕೈಗೆಲಸವನ್ನು ಮೆಚ್ಚತೊಡಗಿದರು. ವ್ಯಾನು ಹೊರಟಿತು.

ಅತ್ತೆ ಕನ್ನಡಿ ನೋಡಿದರು. ಮಾವ ಕೈ ಬೀಸುತ್ತಾ ಸಣ್ಣಗಾಗುತ್ತಿದ್ದರು.

"ಏನೇ ಹೇಳು, ಗಾಜು ಮಾತ್ರ ಚೆನ್ನಾಗಿ ಕೂರ್ಸಿದಾರೆ ನಿಮ್ಮಾವ," ಎಂದರು ಅತ್ತೆ. "ಎಷ್ಟು ದೂರ ಬಂದ್ರೂ ಸ್ಪಷ್ಟವಾಗಿ ಕಾಣ್ತಾರೆ."