ಅಣ್ಣನ ಅಂಗಡಿಗೆ ತಂಗಿಯ ಕೈ

ಊಟದ ಡಬ್ಬಿ ಹಿಡಿದು ಅಂಗಡಿಯೊಳಗೆ ಕಾಲಿಟ್ಟಾಗ ಅಣ್ಣ ನೆಲದ ಮೇಲೆ ಮಂಡಿಯೂರಿ ಏನನ್ನೋ ತಡಕಾಡುತ್ತಿದ್ದ.

"ಏನ್ ಕಳ್ಕೊಂಡೆ?" ಎಂದಳು ತಂಗಿ.

"ಸ್ಪ್ರಿಂಗು. ಇಷ್ಟೇ ಇಷ್ಟು. ಹಾಳಾದ್ದು, ಕೈಯಿಂದ ಚಿಮ್ಮಿ ಹೋಯ್ತು."

ಬಟ್ಟೆ ಹೊಲಿದು ಬದುಕುವವಳು ಅವಳು, ಬಿದ್ದ ಸೂಜಿ ಹುಡುಕಿ ಪಳಗಿದ ಕಣ್ಣು. ಬೆಂಚಿನ ಕಾಲಿನ ಹತ್ತಿರ ಹೊಳೆಯುತ್ತಿದ್ದುದನ್ನು ಹೆಕ್ಕಿಕೊಟ್ಟಳು. ಅಣ್ಣ ಅದನ್ನು ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರಿನ ತೂತಿಗೆ ಇಳಿಸಲು ಹೋದ. ಬೆರಳು ನಡುಗಿ ಸ್ಪ್ರಿಂಗ್ ಮತ್ತೆ ಹಾರಿತು. ಈ ಸಲ ಅವಳೇ ಕೂತು, ಸೂಜಿಗೆ ದಾರ ಪೋಣಿಸುವವಳಂತೆ ಉಸಿರು ಬಿಗಿಹಿಡಿದು, ಅದನ್ನು ಅದರ ಜಾಗಕ್ಕೆ ಇಳಿಸಿದಳು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೋಡು, ಅದಕ್ಕೇ ಕೈ ನಡುಕ" ಎಂದ ಅಣ್ಣ, ಅವಳ ಮುಖ ನೋಡದೆ.

ಬೆಳಗಿನ ತಿಂಡಿ ಕಳಿಸಿದ್ದು ಅವಳೇ. ತೊಳೆದಿಟ್ಟಂತೆ ಖಾಲಿಯಾದ ಡಬ್ಬಿ ಅಲ್ಲೇ ಬೆಂಚಿನ ತುದಿಯಲ್ಲಿತ್ತು. ಅವಳು ಅದನ್ನೆತ್ತಿ ಚೀಲಕ್ಕೆ ಹಾಕಿಕೊಂಡು, ಊಟದ ಡಬ್ಬಿ ಬಿಚ್ಚಿ ಅವನ ಮುಂದಿಟ್ಟಳು.

ಹುಲ್ಲು ಕತ್ತರಿಸುವ ಯಂತ್ರ, ನೀರೆತ್ತುವ ಪಂಪು, ಔಷಧಿ ಸಿಂಪಡಿಸುವ ಯಂತ್ರ, ಹೀಗೆ ರಿಪೇರಿಗೆ ಬರುವ, ಪೆಟ್ರೋಲ್ ಕುಡಿಯುವ ಸಣ್ಣ ಎಂಜಿನ್‌ಗಳೇ ಅಣ್ಣನ ಸಂಸಾರ. ಅಪ್ಪ ತೀರಿಕೊಂಡ ಮೇಲೆ ತಂಗಿಗೆ ಹೊಲಿಗೆ ಯಂತ್ರ ಕೊಡಿಸಿದ್ದು, ಮದುವೆ ಮಾಡಿಸಿದ್ದು ಎಲ್ಲ ಅವನೇ. ತಾನು ಮಾತ್ರ ಮದುವೆಯ ಗೋಜಿಗೆ ಹೋಗಲಿಲ್ಲ. ಕೂದಲು ಬೆಳ್ಳಗಾದ ಈ ತಂಗಿ ಅವನಿಗೆ ಇನ್ನೂ 'ಪುಟ್ಟಿ'ಯೇ.

ಮರುದಿನ ಪುಟ್ಟಿ ಹಳೇ ಅಂಗಿಯೊಂದನ್ನು ಮೇಲೆ ತೊಟ್ಟುಕೊಂಡು ಬಂದಳು.

"ನಂಗೂ ಈ ಕೆಲಸ ಕಲಿಸು."

"ನಿಂಗ್ಯಾಕೇ ಈ ಎಣ್ಣೆ ಜಿಡ್ಡಿನ ಸಹವಾಸ?"

"ಮಧ್ಯಾಹ್ನ ಮನೇಲಿ ಕೂತು ಬೇಜಾರು. ನಮ್ಮನೆಯವ್ರು ಬೇಕರಿ ಕೆಲಸ ಮುಗಿಸಿ ಬಂದವ್ರೇ ಗೊರಕೆ ಶುರು ಹಚ್ಕೋತಾರೆ. ಎಂಜಿನ್ ಸದ್ದೇ ವಾಸಿ."

ಅವನ ಸುಳ್ಳನ್ನು ಅವಳು ನುಂಗಿಕೊಂಡಿದ್ದಳಲ್ಲ, ಅವಳದ್ದನ್ನು ಅವನು ನುಂಗಿಕೊಂಡ.

"ಕೇಳಿಲ್ಲಿ. ಎಂಜಿನ್ನಿಗೆ ಬೇಕಿರೋದು ಪೆಟ್ರೋಲು, ಗಾಳಿ, ಕಿಡಿ. ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಇವುಗಳಲ್ಲಿ ಯಾವುದೋ ಒಂದು ಮುನಿಸ್ಕೊಂಡಿದೆ ಅಂತ ಲೆಕ್ಕ. ಯಾವುದು ಅಂತ ಕಂಡುಹಿಡಿದು ರಮಿಸಬೇಕು, ಅಷ್ಟೆ."

ರಮಿಸುವುದನ್ನು ಅವಳು ಕಲಿತಳು. ಕಿಡಿ ಹಾರಿಸುವ ಪ್ಲಗ್ಗಿನ ಮಸಿಯನ್ನು ತಂತಿಬ್ರಶ್ಶಿನಿಂದ ಉಜ್ಜಿ, ಅದರ ತುದಿಯ ಸಂದನ್ನು ತೆಳ್ಳನೆಯ ಪಟ್ಟಿಯಿಂದ ಅಳೆಯುವುದು. ಗಾಳಿ ಸೋಸುವ ಸ್ಪಂಜನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸುವುದು. ಎಂಜಿನ್ ಬೆಚ್ಚಗಿದ್ದಾಗಲೇ ಹಳೇ ಆಯಿಲ್ ಇಳಿಸುವುದು. ಒಮ್ಮೆ ಪಂಪೊಂದನ್ನು ಬಿಚ್ಚಿ ಜೋಡಿಸಿದ ಮೇಲೆ ಒಂದು ಬೋಲ್ಟು ಉಳಿದುಬಿಟ್ಟಿತು. ಅವಳು ಸದ್ದಿಲ್ಲದೆ ಅದನ್ನು ಜೇಬಿಗೆ ಸೇರಿಸಿದಳು. ಅಣ್ಣ ಸ್ಟಾರ್ಟ್ ಮಾಡುವ ಹಗ್ಗ ಎಳೆದ. ಪಂಪು ಗಡಗಡ ಅಲುಗಾಡಿತು. ಅವನು ಕೈ ಚಾಚಿ, "ಜೇಬಲ್ಲಿರೋದನ್ನ ಕೊಟ್ಬಿಡು ತಾಯಿ" ಎಂದ. ಅವತ್ತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು.

ಹೀಗಿರುವಾಗ ಶಾಲೆಯ ಮಾಲಿ ತನ್ನ ಹುಲ್ಲು ಕತ್ತರಿಸುವ ಯಂತ್ರವನ್ನು ಮತ್ತೆ ತಳ್ಳಿಕೊಂಡು ಬಂದ. ಹಿಂದೆಯೂ ತಂದಿದ್ದ, ಅಣ್ಣ ಪ್ಲಗ್ ಬದಲಿಸಿದ್ದ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದಿದ್ದ.

"ಮೇಸ್ತ್ರಿ, ಇದೂ ನನ್ನ ಮಗನ ಥರಾನೇ. ಎಬ್ಬಿಸಿದ್ರೆ ಏಳುತ್ತೆ, ನಾಲ್ಕು ಹೆಜ್ಜೆ ನಡೆದು ಮತ್ತೆ ಮಲಗಿಬಿಡುತ್ತೆ. ಮಕ್ಕಳ ಓಟದ ಪಂದ್ಯ ಹತ್ತಿರ ಬಂತು, ಮೈದಾನದಲ್ಲಿ ಹುಲ್ಲು ಮೊಣಕಾಲುದ್ದ ನಿಂತಿದೆ."

ಅಣ್ಣ ಮತ್ತೆ ಬಿಚ್ಚಲು ಕೂತ. ಅಂದು ಕೈ ಯಾವತ್ತಿಗಿಂತ ಹಟಮಾರಿಯಾಗಿತ್ತು. ಸ್ಕ್ರೂಡ್ರೈವರ್ ಜಾರಿ ಪೆಟ್ರೋಲ್ ಹಾಯುವ ಹಿತ್ತಾಳೆಯ ಜೆಟ್ಟಿನ ಮೇಲೆ ಗೀರೆಳೆಯಿತು. ಅವನು ಸ್ಕ್ರೂಡ್ರೈವರನ್ನು ಬೆಂಚಿನ ಮೇಲೆ ಎಸೆದು ಎದ್ದ.

"ನನ್ನ ಕೈಲಾಗಲ್ಲ. ಬೇರೆ ಕಡೆ ತೋರಿಸು ಮಾರಾಯಾ."

ಇಂಥ ಮಾತನ್ನು ಅವನ ಬಾಯಲ್ಲಿ ತಂಗಿ ಹುಟ್ಟಿದಾರಭ್ಯ ಕೇಳಿರಲಿಲ್ಲ. ಯಂತ್ರವನ್ನು ಇಲ್ಲೇ ಬಿಟ್ಟು ನಾಳೆ ಬಾ ಎಂದು ಮಾಲಿಯನ್ನು ಸಾಗಹಾಕಿ, ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಅಣ್ಣನ ಪಕ್ಕ ಹೋಗಿ ಕೂತಳು.

"ಕೈ ಮಾತು ಕೇಳ್ತಿಲ್ಲ ಕಣೇ ಪುಟ್ಟಿ."

"ಗೊತ್ತು."

"ಯಾವಾಗಿಂದ?"

"ಸ್ಪ್ರಿಂಗ್ ಹಾರಿದ ದಿನದಿಂದ."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ನೀನೇ ಹೇಳ್ಲಿ ಅಂತ ಕಾದೆ. ಡಾಕ್ಟರ ಹತ್ರ ಹೋಗ್ಬೇಕು ಅಣ್ಣ."

ಅವನು ರಸ್ತೆಯನ್ನೇ ನೋಡುತ್ತಿದ್ದ. ಆಮೇಲೆ, ಜಗಳಕ್ಕೆ ಬಿದ್ದ ಹುಡುಗನ ದನಿಯಲ್ಲಿ, "ನೀನೂ ಬರ್ತೀಯೇನು?" ಎಂದ.

"ಬಿಟ್ಟು ಇರ್ತೀನಾ?" ಎಂದಳು. ಅಲ್ಲೇ ಕೂತರೆ ಅತ್ತುಬಿಡುತ್ತೇನೆಂದು ಎದ್ದು ಒಳಗೆ ಹೋದಳು.

ಹೊಸ ಜೆಟ್ ಹಾಕಿ, ಯಂತ್ರವನ್ನು ಅಂಗಡಿಯ ಮುಂದಕ್ಕೆ ತಂದು ಹಗ್ಗ ಎಳೆದಳು. ಹೊತ್ತಿಕೊಂಡಿತು. ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ಬಿಕ್ಕಳಿಸಿ ನಿಂತಿತು. ಬಿಸಿ ಇಳಿಯಲು ಬಿಟ್ಟು, ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದಳು. 'ಉಸ್' ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದಾಯಿತು. ಪೆಟ್ರೋಲೇನೋ ಅರ್ಧ ಟ್ಯಾಂಕು ಇತ್ತು.

ಅವಳು ಮುಚ್ಚಳ ಹಿಡಿದು ಹಾಗೇ ನಿಂತಳು. ಅಡುಗೆಮನೆಯ ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಗುಳುಗುಳು ಎಂದು ನಿಂತುಹೋಗುತ್ತದೆ. ಎದುರಿಗೆ ಇನ್ನೊಂದು ತೂತು ಮಾಡಿದರೆ ಸರಾಗ. ಮುಚ್ಚಳವನ್ನು ಬೆಳಕಿಗೆ ಹಿಡಿದಳು. ಅದರಲ್ಲೂ ಒಂದು ಕಿರುತೂತಿತ್ತು. ಹುಲ್ಲಿನ ಪುಡಿ, ಮಣ್ಣು ಸೇರಿ ಸಿಮೆಂಟಿನಂತೆ ಮೆತ್ತಿಕೊಂಡಿತ್ತು.

"ಅಣ್ಣಾ, ಬಾ ಇಲ್ಲಿ. ಪೆಟ್ರೋಲ್ ಇದೆ, ಆದ್ರೆ ಇಳೀತಿಲ್ಲ. ಮೇಲಿಂದ ಗಾಳಿ ಹೋದ್ರೆ ತಾನೇ ಕೆಳಗೆ ಪೆಟ್ರೋಲ್ ಇಳಿಯೋದು?"

ಅಣ್ಣ ಮುಚ್ಚಳ ತಿರುಗಿಸಿ ನೋಡಿ ಹಣೆ ಚಚ್ಚಿಕೊಂಡ. "ಅಯ್ಯೋ ನನ್ನ ಬುದ್ಧಿಗಿಷ್ಟು! ಇಷ್ಟು ದಿನ ಇದರ ಹೊಟ್ಟೆ ಬಗೆದು ಬಗೆದು ನೋಡಿದೆ, ರೋಗ ಟೋಪೀಲಿತ್ತಾ!"

ಅವಳು ಅಂಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು ತೂತು ಬಿಡಿಸಿದಳು. ಯಂತ್ರ ಓಡಿತು, ಓಡುತ್ತಲೇ ಇತ್ತು. ಆ ಗದ್ದಲದಲ್ಲಿ ಅಣ್ಣ ಏನೋ ಅಂದ. ಏನೆಂದು ಅವಳಿಗೆ ಕೇಳಿಸಲಿಲ್ಲ, ಆದರೆ ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಕೈ ನಡುಗುತ್ತಿತ್ತು. ಅದನ್ನು ಅವನು ಮುಚ್ಚಿಡಲಿಲ್ಲ.

ಮರುದಿನ ಬೆಳಿಗ್ಗೆ ಮಾಲಿಗೆ ಯಂತ್ರ ಒಪ್ಪಿಸಿ ಇಬ್ಬರೂ ಡಾಕ್ಟರ ಹತ್ತಿರ ಹೋದರು. ಮಾತ್ರೆಯಿಂದ ನಡುಕ ಕಡಿಮೆಯಾದೀತು, ಪೂರ್ತಿ ಹೋಗುವುದಿಲ್ಲ ಎಂದರು ಡಾಕ್ಟರು. ಅಣ್ಣ ಅವತ್ತೆಲ್ಲ ಮಂಕಾಗಿದ್ದ. ಆಮೇಲೆ ನಿಧಾನಕ್ಕೆ ಒಂದು ಏರ್ಪಾಡು ತಾನಾಗಿಯೇ ಕುದುರಿತು. ಕಿವಿಗೊಟ್ಟು ರೋಗ ಹೇಳುವುದು ಅವನು, ಬಿಚ್ಚಿ ಜೋಡಿಸುವುದು ಇವಳು. ಹೊಲಿದ ಬಟ್ಟೆಯಲ್ಲಿ ಪೆಟ್ರೋಲ್ ವಾಸನೆ ಬರುತ್ತಿದೆಯೆಂದು ಒಂದಿಬ್ಬರು ಗೊಣಗಿದ್ದೂ ಉಂಟು.

ಒಂದು ದಿನ ಮಾಲಿ ಬ್ಲೇಡು ಸಾಣೆ ಹಿಡಿಸಲು ಬಂದಾಗ ಒಳಗೆ ಜೋರು ಮಾತು ನಡೆದಿತ್ತು.

"ಅಷ್ಟು ಬಿಗೀಬೇಡ್ವೇ, ಬೋಲ್ಟಿನ ಥ್ರೆಡ್ ಹಾಳಾಗ್ಬಿಡುತ್ತೆ!"

"ಗೊತ್ತು, ಸುಮ್ನಿರು. ಮೊನ್ನೆ ನೀನು ಸಡಿಲ ಬಿಡಿಸಿದ್ದು ಏನಾಯ್ತು?"

"ಅದು ಬೋಲ್ಟಿನ ತಪ್ಪು!"

"ನೀವಿಬ್ರೂ ಮುಗಿಸ್ಕೊಳ್ಳಿ" ಎಂದು ಮಾಲಿ ಬ್ಲೇಡನ್ನು ಬಾಗಿಲಲ್ಲಿಟ್ಟ, "ನಾನೊಂದು ಟೀ ಕುಡಿದು ಬರ್ತೀನಿ."