ಇಪ್ಪತ್ತರ ಆಚೆ

ಬೀಜಿಗೆ ನಾನು ಹೇಳಿದ ಸುಳ್ಳು ಒಂದೇ: ಮೂವತ್ತರವರೆಗೆ ಎಣಿಕೆ ಬಾಯಿಪಾಠ ಆಗಿದೆ ಎಂದದ್ದು. ನಿಜಕ್ಕೂ ನನ್ನ ಪಂಜಾಬಿ ಇಪ್ಪತ್ತಕ್ಕೇ ನಿಂತಿತ್ತು.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನಾನು ಚೀಟಿ ಬರೆಯುವವಳು. ಬೀಜಿ ಪಂಜಾಬಿನ ಅಜ್ಜಿ; ವಾರಕ್ಕೊಮ್ಮೆ ಬಸ್ಸು ಹತ್ತಿ ಬರುತ್ತಿದ್ದರು, ಒಬ್ಬರೇ. ಉಳಿದಿದ್ದ ಹಲ್ಲುಗಳನ್ನೆಲ್ಲ ಕೀಳಿಸಿ ಪೂರಾ ಸೆಟ್ ಕಟ್ಟಿಸಿಕೊಳ್ಳುವುದಿತ್ತು. ಕನ್ನಡ ಬಾರದು. ಸರದಿ ಬರುವ ತನಕ ಅವರು ನನಗೆ ಎಣಿಕೆ, ವಾರ ಹೇಳಿಕೊಡುತ್ತಿದ್ದರು; ನಾನು ಅವರಿಗೆ ಹಲ್ಲು, ನಾಲಿಗೆ, ಬಾಯಿ ಕಲಿಸುತ್ತಿದ್ದೆ.

ಒಂದು ಇಕ್ಕ್, ಮೂರು ತಿನ್ನ್, ಏಳು ಸತ್ತ್.

"ಇಕ್ಕಿದ್ದನ್ನ ತಿಂದು ಸತ್ತ! ಯಾರ ಮನೆ ಊಟನಮ್ಮಾ ಅದು?" ಎಂದು ಕಾಂಪೌಂಡರ್ ಮಾಮ ನಗುತ್ತಿದ್ದರು.

ಭಾನುವಾರ ಐತ್‌ವಾರ್, ಆಯ್ತು ವಾರ ಎಂದು ನೆನಪಿಟ್ಟೆ. ಆದರೆ ಇಪ್ಪತ್ತು ದಾಟಿದ ಮೇಲೆ ಒಂದೊಂದು ಸಂಖ್ಯೆಗೂ ಬೇರೆಯದೇ ಮುಖ. ಸೋಮಾರಿತನವಾಯಿತು. "ಗೊತ್ತು, ಗೊತ್ತು" ಎಂದು ತಲೆಯಾಡಿಸಿದೆ. "ಶಾಬಾಶ್ ಪುತ್ತರ್," ಎಂದು ಬೀಜಿ ಬೆನ್ನು ತಟ್ಟಿದರು.

ಒಸಡಿನ ಅಚ್ಚು ತೆಗೆದ ದಿನ ಅವರು ನನ್ನ ಮೇಜಿಗೆ ಬಗ್ಗಿ, ಬೋಳು ಬಾಯಿಗೆ ಬೆರಳು ತೋರಿಸಿ, "ಬಾಈ, ಬಾಈ" ಎಂದರು.

ನಾನು ಚಪ್ಪಾಳೆ ತಟ್ಟಿದೆ. "ಬಾಯಿ! ಕರೆಕ್ಟ್ ಬೀಜಿ, ಬಾಯಿ!"

ಆ ಬೆರಳು ಆಮೇಲೆ ಗೋಡೆಯ ಕ್ಯಾಲೆಂಡರಿನ ಕಡೆಗೂ ಹೋಯಿತು. ನಾನು ನೋಡಿದೆ. ನೋಡಿಯೂ, ಹಲ್ಲು ಕಟ್ಟುವವನಿಗೆ ಕಳಿಸುವ ಚೀಟಿಯಲ್ಲಿ ಎಂದಿನಂತೆ ಹತ್ತು ದಿನ ಬಿಟ್ಟು ಇಪ್ಪತ್ತೈದು ಎಂದು ಬರೆದೆ.

ಇಪ್ಪತ್ತೈದಕ್ಕೆ ಬೀಜಿಯ ಜೊತೆ ಸೊಸೆಯೂ ಬಂದಳು. ಕನ್ನಡ ಬಲ್ಲವಳು.

"ಇಪ್ಪತ್ತೆರಡಕ್ಕೆ ಇವರಕ್ಕ ಬಂದಿದ್ರು," ಎಂದು ಡಾಕ್ಟರಿಗೆ ಹೇಳಿದಳು. "ಹನ್ನೊಂದು ವರ್ಷ ಆದ್ಮೇಲೆ, ಅರ್ಧ ದಿನಕ್ಕೆ. ಅವತ್ತಿಗೆ ಹಲ್ಲು ಬೇಕು ಅಂತ ಹೇಳಿದೀನಿ ಅಂತಾರೆ ಇವ್ರು. ಫೋಟೋದಲ್ಲೂ ಬಾಯಿಂದ ಕೈ ತೆಗೀಲಿಲ್ಲ."

"ಇಪ್ಪತ್ತೆರಡಕ್ಕೆ ನಿಮ್ಮಲ್ಲಿ ಏನಂತಾರೆ?" ಎಂದೆ. ನನ್ನ ಕಣ್ಣು ಆಗಲೇ ಗೋಡೆಯ ಕ್ಯಾಲೆಂಡರಿಗೆ ಹೋಗಿತ್ತು.

"ಬಾಈ."

ಬೀಜಿ ಹೊಸ ಹಲ್ಲಿನಲ್ಲಿ, ಯಾರದೋ ಬಾಯಿ ತೊಟ್ಟವರಂತೆ, ನಮ್ಮಿಬ್ಬರನ್ನೂ ನೋಡುತ್ತಿದ್ದರು.

"ನಾನೇ ಹೋಗ್ತೀನಿ, ನಂಗೆಲ್ಲ ಬರತ್ತೆ ಅಂತ ಜಂಬ," ಎಂದಳು ಸೊಸೆ. "ಹಲ್ಲಿಲ್ದೆ ಏನ್ ಒದರಿದ್ರೋ! ಇನ್ಮೇಲೆ ನಾನಿಲ್ದೆ ಎಲ್ಲಿಗೂ ಕಳ್ಸಲ್ಲ."

ಡಾಕ್ಟರ್ ಎದುರಿಗಿದ್ದರು. ಮುಂದಿನ ತಪಾಸಣೆಯ ಚೀಟಿ ಬರೆದೆ. ಬೀಜಿ ಅಭ್ಯಾಸದಂತೆ ಕೈಚಾಚಿದರು. ಸೊಸೆ ಅದನ್ನು ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿದಳು. ಚಾಚಿದ ಕೈ ಮೇಜಿನ ಮೇಲೇ ಸ್ವಲ್ಪ ಹೊತ್ತು ಉಳಿಯಿತು.

ಡಾಕ್ಟರ್ ಒಳಗೆ ಹೋದ ಮೇಲೆ, "ತಪ್ಪು ನಂದು," ಎಂದೆ. "ಅವರು ಸರಿಯಾಗೇ ಹೇಳಿದ್ರು."

ದನಿ ತೀರ ಮೆತ್ತಗೆ ಬಂದಿರಬೇಕು. ಸೊಸೆ ಮುಗುಳ್ನಕ್ಕಳು. "ಎಷ್ಟು ಒಳ್ಳೆಯವ್ರು ನೀವು! ಅವರನ್ನ ವಹಿಸ್ಕೊಂಡು ಮಾತಾಡ್ತೀರಿ."

ಇಲ್ಲ ಎನ್ನಲು ಸಮಯವಿತ್ತು. ಬಾಗಿಲ ಬಳಿ ಬೀಜಿ ಗೋಡೆ ಹಿಡಿದು ಚಪ್ಪಲಿ ಮೆಟ್ಟುವಷ್ಟು ಹೊತ್ತು, ಅದೂ ಎರಡೂ ಕಾಲಿಗೆ.

ನಾನು ಮುಂದಿನವರನ್ನು ಕರೆದೆ.